ಮಾವನ ಅಂಬಾಸಿಡರ್ ಬೆಚ್ಚಗಾದದ್ದು

ಹೀಟರ್ ಸ್ವಿಚ್ ಒತ್ತಿದೆ. ಫ್ಯಾನ್ ಗುರ್ ಅಂತ ತಿರುಗಿತು, ಗಾಳಿಯೂ ಬಂತು... ಆದರೆ ಐಸಿನಂಥ ಗಾಳಿ!

ಪಕ್ಕದ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದ ಮಾವ ಬಾಗಿಲು ತೆಗೆದು ಇಳಿದೇಬಿಟ್ಟರು. "ಇವತ್ತಾಗಕಿಲ್ಲ ಕಣಮ್ಮಣ್ಣಿ. ಚಳಿಗೆ ಕೈ ಸೆಟೆದ್ಕತದೆ. ಗಾಡಿ ಬೆಚ್ಚಗಾಗ್ಲಿ, ಆಮ್ಯಾಕೆ ಬತ್ತೀನಿ."

ನಮ್ಮದು ಹೊಸೂರಿನಾಚೆ ಉದ್ದನಪಲ್ಲಿ ಹತ್ತಿರದ ಹಳ್ಳಿ. ಮಳೆಗಾಲ ಮುಗಿಯುವಾಗ ಮಾವನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು. ದಿನಾ ಬೆಳಿಗ್ಗೆ ಫಿಸಿಯೋಥೆರಪಿ ಮಾಡಿಸಲೇಬೇಕು, ಈ ಮೊದಲ ತಿಂಗಳುಗಳನ್ನು ಕಳೆದುಕೊಂಡರೆ ಆಮೇಲೆ ಕೈ ಬರುವುದು ಕಷ್ಟ ಅಂತ ಹೊಸೂರಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

ಪ್ಲ್ಯಾನ್ ಎಲ್ಲ ರೆಡಿ ಇತ್ತು. ನಾನು ಬೆಳಿಗ್ಗೆ ಮಾವನನ್ನು ಕಾರಿನಲ್ಲಿ ಹೊಸೂರಿಗೆ ಕರೆದೊಯ್ದು ಅಲ್ಲಿಂದ ಕಂಪನಿ ಬಸ್ಸು ಹತ್ತುವುದು. ನೈಟ್ ಶಿಫ್ಟ್ ಮುಗಿಸಿ ಬರುವ ನಮ್ಮ ಯಜಮಾನರು ಅದೇ ಕಾರಿನಲ್ಲಿ ಅವರನ್ನು ಮನೆಗೆ ಕರೆತರುವುದು.

ಕಾರು ಅಂದರೆ ಮಾವನ ಹಳೇ ಅಂಬಾಸಿಡರ್. ನಮ್ಮೂರಿನ ಎಷ್ಟೋ ಮದುವೆಗಳಿಗೆ ಗಂಡು ಹೆಣ್ಣು ಅದರಲ್ಲೇ ಕೂತು ಬಂದದ್ದು. ಯಾರಿಗೂ ಕೀ ಕೊಡದ ಮನುಷ್ಯ, ಸೊಸೆಯಾಗಿ ಬಂದ ನನಗೆ ಮಾತ್ರ ಅದರಲ್ಲೇ ಡ್ರೈವಿಂಗ್ ಕಲಿಸಿದರು. ಆ ಪ್ರೀತಿ ನನಗಿದೆ.

ಆದರೆ ಧನುರ್ಮಾಸ ಬಂತು ನೋಡಿ. ನಮ್ಮ ಕಡೆ ಬೆಳಿಗ್ಗೆ ರಸ್ತೆಯೇ ಕಾಣದಷ್ಟು ಮಂಜು. ಬರಲ್ಲ ಅನ್ನಲು ಮಾವನಿಗೆ ಅದೇ ಸಾಕಾಯಿತು.

"ಹೀಟರು ಗೀಟರು ಯಾಕೆ, ಅಪ್ಪಂಗೆ ಎರಡು ಕಂಬ್ಳಿ ಹೊದ್ಸು ಕಣೇ" ಅಂದರು ನಮ್ಮ ಯಜಮಾನರು. ಹೊದಿಸಲು ಹೋದೆ. "ನಾನೇನು ಹೆಣಾನಾ, ಹೊದ್ಸಕೆ?" ಅಂತ ಬೈಸಿಕೊಂಡು ಬಂದೆ.

ನನಗೂ ಹಠ ಬಂತು. ಹೀಟರ್ ಸರಿ ಮಾಡಿಸಿಯೇ ತೀರುವುದು!

ಕೆಲಮಂಗಲದ ಸೆಲ್ವಂ ಮೆಕ್ಯಾನಿಕ್ ಶೆಡ್ಡಿಗೆ ಒಯ್ದೆ. ಡ್ಯಾಶ್‌ಬೋರ್ಡ್ ಕೆಳಗಿನ ಹೀಟರ್ ಬಿಚ್ಚಿ ನೀರು ಹಾಯಿಸಿದರೆ ರಾಗಿ ಅಂಬಲಿಯಂಥ ಗಸಿ ಬಂತು. ತೊಳೆದು, ಎಂಜಿನ್‌ನಿಂದ ಬಿಸಿನೀರು ತರುವ ಪೈಪುಗಳನ್ನೂ ಹೊಸದು ಹಾಕಿದೆವು. ಪೆಡಲ್ ಹತ್ತಿರದ ಸಂದುಗಳಿಂದ ಗಾಳಿ ನುಗ್ಗುತ್ತಿತ್ತು, ಮನೆಗೆ ಬಂದು ಹಳೇ ಟ್ರಾಕ್ಟರ್ ಟ್ಯೂಬ್ ಕತ್ತರಿಸಿ ಅಲ್ಲಿಗೆಲ್ಲ ನಾನೇ ಅಂಟಿಸಿದೆ.

ಇಷ್ಟೆಲ್ಲ ಆದ ಮೇಲೆ ಬಂದದ್ದೇ ಆ ಐಸ್ ಗಾಳಿ.

ಅವತ್ತು ಮಾವ ಇಳಿದು ಹೋದ ಮೇಲೆ ಒಬ್ಬಳೇ ಗಾಡಿ ಓಡಿಸಿಕೊಂಡು ಹೊಸೂರಿಗೆ ಹೋದೆ. ದಾರಿಯುದ್ದಕ್ಕೂ ಎಂಜಿನ್ ಬಿಸಿ ತೋರಿಸುವ ಮುಳ್ಳನ್ನೇ ನೋಡುತ್ತಿದ್ದೆ. ಊರಿಂದ ಹೊಸೂರು ಮುಟ್ಟಿದರೂ ಅದು ತಳ ಬಿಟ್ಟು ಮೇಲೆದ್ದಿರಲಿಲ್ಲ.

ಅಲ್ಲ, ಎಂಜಿನ್ನೇ ಬಿಸಿಯಾಗದಿದ್ದರೆ ಹೀಟರಿಗೆ ಬಿಸಿ ಎಲ್ಲಿಂದ ಬರಬೇಕು?

ಭಾನುವಾರ ಮತ್ತೆ ಸೆಲ್ವಂ ಹತ್ತಿರ ಹೋಗಿ ಮುಳ್ಳಿನ ವಿಷಯ ಹೇಳಿದೆ. ಎಂಜಿನ್ ನೀರು ಬಿಸಿಯಾಗುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ವಾಲ್ವ್ ಅಂತ ಒಂದಿರುತ್ತದೆ. ಅದರ ಮುಚ್ಚಳ ಬಿಚ್ಚಿ ಬಗ್ಗಿ ನೋಡಿದ ಸೆಲ್ವಂ ನಕ್ಕುಬಿಟ್ಟರು. "ಅಕ್ಕಾ, ಉಳ್ಳೆ ಒಣ್ಣುಮೇ ಇಲ್ಲೆ!"

ಒಳಗೆ ಖಾಲಿ.

ನಮ್ಮ ಕಡೆ ಹಳಬರ ಪದ್ಧತಿಯೇ ಅದು. ಗಾಡಿ ಕೊಂಡ ಕೂಡಲೇ ಪೂಜೆ, ನಿಂಬೆಹಣ್ಣು, ಆಮೇಲೆ ಆ ವಾಲ್ವ್ ಕಿತ್ತು ಬಿಸಾಕುವುದು. ಬೇಸಿಗೆಯಲ್ಲಿ ಕೃಷ್ಣಗಿರಿ ಕಡೆಯಿಂದ ಏರು ಹತ್ತುವಾಗ ಗಾಡಿ ಕುದಿಯಬಾರದು ಅಂತ.

"ನನ್ನ ಗಾಡಿ ಒಂದಿನಾನೂ ಕುದ್ದಿಲ್ಲ, ವಾಲ್ವು ನಾನೇ ಕಿತ್ತಾಕಿವ್ನಿ" ಅಂತ ಮಾವ ಕಂಡಕಂಡವರ ಹತ್ತಿರ ಜಂಬ ಕೊಚ್ಚುತ್ತಿದ್ದದ್ದು ಆಗ ನೆನಪಾಯಿತು. ಅಂದರೆ ಹೀಟರ್ ಯಾಕೆ ಬಿಸಿಯಾಗುತ್ತಿಲ್ಲ ಅಂತ ಅವರಿಗೆ ಮೊದಲಿನಿಂದಲೂ ಗೊತ್ತು! ನಾನು ಟ್ಯೂಬ್ ಕತ್ತರಿಸುವಾಗ ಎದುರಿಗೇ ಕೂತು ನೋಡುತ್ತಿದ್ದರಲ್ಲ...

ಪಿತ್ತ ನೆತ್ತಿಗೇರಿತು. ಹೊಸ ವಾಲ್ವ್ ಹಾಕಿಸಿ ಮನೆಗೆ ಬಂದವಳೇ ಜಗಲಿಯ ಮೇಲೆ ಬಿಸಿಲು ಕಾಯುತ್ತಿದ್ದ ಮಾವನ ಮುಂದೆ ನಿಂತೆ.

"ವಾಲ್ವ್ ಕಿತ್ತಿರೋದು ಗೊತ್ತಿದ್ದೂ ಯಾಕೆ ಮಾವ ಬಾಯಿ ಬಿಡ್ಲಿಲ್ಲ? ನನ್ನ ಕೈಲಿ ಇಷ್ಟು ಒದ್ದಾಡ್ಸಿದ್ರಲ್ಲ!"

ಅವರು ತೊಡೆಯ ಮೇಲಿದ್ದ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಸರಿ ಮಾಡಿಕೊಂಡರು.

"ಗಾಡಿ ಬೆಚ್ಚಗಾದ್ರೆ ಹೋಗ್ಬೇಕಲ್ಲಮ್ಮಣ್ಣಿ..." ಅಂದರು. "ಹೋದ್ಮ್ಯಾಕೂ ಕೈ ಬರ್ದಿದ್ರೆ? ಈಗಾದ್ರೆ ಚಳಿ, ಅದ್ಕೇ ಹೋಗಿಲ್ಲ ಅಂತ ಹೇಳ್ಕಂಡಿರ್ಬೋದು."

ನನ್ನ ಕೋಪವೆಲ್ಲ ಜರ್ರನೆ ಇಳಿಯಿತು. ಊರಿಗೆಲ್ಲ ಧೈರ್ಯ ಹೇಳುವ ಮನುಷ್ಯ ಇಷ್ಟು ದಿನ ಒಬ್ಬರೇ ಹೆದರಿಕೊಂಡು ಕೂತಿದ್ದರು. ನಾನು ದಿನಾ ಅವರ ಜೊತೆ ಚಳಿಯ ಬಗ್ಗೆ ಜಗಳ ಆಡುತ್ತಿದ್ದೆ. ಸಂಕಟವಾಯಿತು.

"ಬರ್ದಿದ್ರೆ ಬರ್ದೇ ಹೋಗ್ಲಿ ಮಾವ. ಗಾಡಿ ಓಡ್ಸಕೆ ನಾನಿಲ್ವಾ? ನೀವೇ ಅಲ್ವಾ ಕಲಿಸಿದ್ದು?" ಅಂದೆ. ಅವರು ಮುಖ ಆಚೆ ತಿರುಗಿಸಿಕೊಂಡರು.

ಮಾರನೇ ದಿನ ಹೊರಟೆವು. ಕೆಲಮಂಗಲ ದಾಟುವಷ್ಟರಲ್ಲಿ ಮುಳ್ಳು ನಡುವಿಗೆ ಬಂದು ನಿಂತಿದೆ, ಕಾಲಿನ ಹತ್ತಿರ ಹದವಾದ ಬಿಸಿ ಗಾಳಿ. ಮಾವ ಮಂಕಿ ಕ್ಯಾಪ್ ತೆಗೆದು, "ಸೆಕೆ ಆಯ್ತದೆ, ವಸಿ ಕಮ್ಮಿ ಮಾಡು" ಅಂತಾರೆ. ನನಗೆ ನಗು ತಡೆಯಲಾಗಲಿಲ್ಲ.

ಥೆರಪಿ ರೂಮಿನ ಬಾಗಿಲಲ್ಲಿ ಮಾತ್ರ ನಿಂತುಬಿಟ್ಟರು. ಒಳಗೆ ಹೆಸರು ಕರೆಯುತ್ತಿದ್ದಾರೆ, ಇವರ ಕಾಲು ಮುಂದಕ್ಕೆ ಬರುತ್ತಿಲ್ಲ. "ನೀನೂ ಒಳಿಕೆ ಬತ್ತೀಯಾ?" ಅಂತ ಮೆಲ್ಲಗೆ ಕೇಳಿದರು.

ಕೈ ಹಿಡಿದುಕೊಂಡು ಒಳಗೆ ಹೋದೆ. ಕಂಪನಿ ಬಸ್ಸು ತಪ್ಪಿತು, ತಪ್ಪಲಿ.

ನಿಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆಗೆ ಬರಲ್ಲ ಅಂತ ಹಠ ಮಾಡಿದಾಗ, ಭಯ ಆಗ್ತಿದೆಯಾ ಅಂತ ಒಮ್ಮೆಯಾದರೂ ಕೇಳಿದ್ದೀರಾ?