ಬೆಲ್ಟು ನಿಂತ ಗಳಿಗೆ

ವನಜಾಳಿಗೆ ಒಂದು ಕಡೆ ಕೂರುವುದು ಚಿಕ್ಕಂದಿನಿಂದಲೂ ಒಗ್ಗಿರಲಿಲ್ಲ. ಕಂದಿಕೆರೆ ಪಕ್ಕದ ಗೊಲ್ಲರಹಟ್ಟಿಯಲ್ಲಿ ಹುಟ್ಟಿದವಳು. ತುಮಕೂರಿನಲ್ಲಿ ಇಂಜಿನಿಯರಿಂಗ್ ಓದಿದ ಮೇಲೆ ಒಂದು ಯುಪಿಎಸ್ ಅಂಗಡಿ, ಒಂದು ಕಾಲೇಜು, ತೂಕದ ಯಂತ್ರ ಮಾಡುವ ಒಂದು ಕಂಪನಿ ಎಂದು ಅಲೆದು, ಎಲ್ಲಿಯೂ ನಿಲ್ಲದೆ, 2008ರಲ್ಲಿ ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಯೊಂದಕ್ಕೆ ಬಂದು ಸೇರಿದಳು.

"ಅಲ್ಲಾದ್ರೂ ನೆಟ್ಟಗಿರೇ" ಎಂದಿದ್ದಳು ತಾಯಿ ಜುಂಜಮ್ಮ. "ಚಾಪೆ ಹಾಸೋ ಹೊತ್ತಿಗೆ ಎದ್ದು ಹೋಯ್ತೀಯ ನೀನು."

ಕಾರ್ಖಾನೆಯ ಯಜಮಾನ ಸದಾಶಿವಯ್ಯ ಮೊದಲು ಕೊಬ್ಬರಿ ವ್ಯಾಪಾರ ಮಾಡಿಕೊಂಡಿದ್ದವರು. ಹಸಿ ಕಾಯಿಯ ಚಿಪ್ಪು ಬಿಡಿಸಿ, ಬೆನ್ನಿನ ಕಂದು ಸಿಪ್ಪೆ ಹೆರೆದು, ತೊಳೆದು, ಪುಡಿ ಮಾಡಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಬಿಸ್ಕತ್ತಿನವರೂ ಮಿಠಾಯಿಯವರೂ ಕೊಳ್ಳುವ ಪುಡಿ ಆಗುತ್ತದೆ. ಬೆಳ್ಳಗಿದ್ದರೆ ಮಾಲು, ಕೆಂಪಾದರೆ ಗಾಣಕ್ಕೆ. ಒಣಗಿಸುವ ಡ್ರೈಯರಿನೊಳಗೆ ಉಕ್ಕಿನ ಜಾಲರಿಯ ಬೆಲ್ಟು ನಿಧಾನವಾಗಿ ಓಡುತ್ತಿರುತ್ತದೆ. ಅದನ್ನು ನಡೆಸುತ್ತಿದ್ದ ಹಳೆಯ ಕಂಟ್ರೋಲ್ ಪೆಟ್ಟಿಗೆ ಸುಟ್ಟುಹೋದಾಗ ವನಜಾ ಅದರ ಜಾಗದಲ್ಲಿ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಲಿನಕ್ಸ್ ವ್ಯವಸ್ಥೆ ಹಾಕಿದ ಒಂದು ಕಂಪ್ಯೂಟರ್ ಕೂರಿಸಿ, ಬೇಕಾದ ಪ್ರೋಗ್ರಾಮನ್ನು ತಾನೇ ಬರೆದಳು. ಶಾಖ ನೋಡುವುದು, ಬೆಲ್ಟು ಓಡಿಸುವುದು, ಚೀಲದ ತೂಕ ಹಿಡಿದು ಲೇಬಲ್ ಮುದ್ರಿಸುವುದು, ಎಲ್ಲವೂ ಅದರದೇ ಕೆಲಸ.

ಕಾರ್ತಿಕ ಕಳೆಯುವ ಹೊತ್ತಿಗೆ ತೊಂದರೆ ಶುರುವಾಯಿತು. ಓಡುತ್ತಿದ್ದ ಬೆಲ್ಟು ಇದ್ದಕ್ಕಿದ್ದ ಹಾಗೆ ನಿಲ್ಲುತ್ತಿತ್ತು. ಯಾರಾದರೂ ಕೂಗುವಷ್ಟರಲ್ಲಿ ಮತ್ತೆ ಹೊರಡುತ್ತಿತ್ತು. ಆದರೆ ಗಾಳಿಯ ಬಿಸಿ ನಿಲ್ಲುವುದಿಲ್ಲವಲ್ಲ. ನಿಂತ ಜಾಗದ ಪುಡಿ ಸೀದು, ಬಿಳಿಯ ಹಾಸಿನ ಮೇಲೆ ಕಂದು ಗೆರೆ ಬೀಳುತ್ತಿತ್ತು. ಡ್ರೈಯರಿನ ಬಾಯಲ್ಲಿ ನಿಂತು ಪುಡಿ ಆರಿಸುತ್ತಿದ್ದ ಅಂಕಮ್ಮ ಬಂದು ಹೇಳುತ್ತಿದ್ದಳು: "ವನಜಮ್ಮ, ಮತ್ತೆ ಸೀದೈತೆ ಕಣವ್ವ."

ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಸಂಜೆ, ಕೆಲವು ದಿನ ಇಲ್ಲವೇ ಇಲ್ಲ. ವೈರು ಬದಲಾಯಿಸಿದಳು, ಮೋಟಾರು ಬಿಚ್ಚಿಸಿದಳು, ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದಳು. ನಿಂತುಕೊಂಡೇ ಊಟ ಮಾಡುವುದು ರೂಢಿಯಾಯಿತು. ಶನಿವಾರ ಊರಿಗೆಂದು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದವಳು ಏನೋ ಹೊಳೆದಂತಾಗಿ ತಿಪಟೂರು ದಾಟುವ ಮುಂಚೆಯೇ ಇಳಿದು ವಾಪಸು ನಡೆದು ಬಂದಳು. ಹೊಳೆದದ್ದು ಸುಳ್ಳಾಗಿತ್ತು.

ತಪ್ಪು ತನ್ನ ಪ್ರೋಗ್ರಾಮಿನಲ್ಲಿ ಇಲ್ಲ, ಅದರ ಕೆಳಗಿನ ಕರ್ನಲ್ಲಿನಲ್ಲಿದೆ ಎಂಬ ಗುಮಾನಿ ಅವಳಿಗೆ ಬಂತು. ಯಂತ್ರಕ್ಕೂ ಪ್ರೋಗ್ರಾಮುಗಳಿಗೂ ನಡುವೆ ನಿಂತು ಎಲ್ಲವನ್ನೂ ನಡೆಸುವ ಭಾಗವೇ ಕರ್ನಲ್. ಅದರೊಳಗೆ ಫಂಕ್ಷನ್ ಎಂದು ಕರೆಯುವ ಸಾವಿರಾರು ಸಣ್ಣ ಕೆಲಸಗಳಿರುತ್ತವೆ. ಒಂದು ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಯಾವುದು ಯಾವಾಗ ಯಾವುದನ್ನು ಕರೆಯಿತು ಎಂದು ಜಾಡು ಹಿಡಿದು ಬರೆದಿಡುವ ಟ್ರೇಸ್ ಎಂಬ ಸೌಲಭ್ಯ ಆಗಷ್ಟೇ ಲಿನಕ್ಸಿಗೆ ಸೇರಿತ್ತು. ವನಜಾ ಆ ಟ್ರೇಸನ್ನು ಚಾಲೂ ಮಾಡಿ ಬೆಲ್ಟು ನಿಲ್ಲುವುದನ್ನೇ ಕಾದಳು.

ಬೆಲ್ಟು ನಿಲ್ಲಲಿಲ್ಲ. ಮಾರನೆಯ ದಿನವೂ ನಿಲ್ಲಲಿಲ್ಲ. ಆ ವಾರವಿಡೀ ಪುಡಿ ಬೆಳ್ಳಗೆ ಬಂತು.

ಸದಾಶಿವಯ್ಯ ಖುಷಿಯಿಂದ ಬಂದರು. "ಏನಮ್ಮ ಮಾಡ್ದೆ? ಒಂದು ಗೆರೆನೂ ಇಲ್ಲ."

"ಏನೂ ಮಾಡಿಲ್ಲ ಸಾರ್. ಒಳಗೆ ಏನಾಗ್ತೈತೆ ಅಂತ ನೋಡಾಕೆ ಟ್ರೇಸ್ ಹಾಕಿದೀನಿ. ಅದನ್ನ ಹಾಕಿದ್ರೆ ಎಲ್ಲಾನೂ ಸ್ವಲ್ಪ ನಿಧಾನ ಆಯ್ತದೆ. ನಿಧಾನ ಆದ್ರೆ ತಪ್ಪು ಬರ್ತಿಲ್ಲ."

"ಹಂಗಾದ್ರೆ ಅದು ಹಾಕೇ ಇರ್ಲಿ. ಓಡ್ತಾ ಐತಲ್ಲ, ಬುಡು."

"ತಪ್ಪು ಹೋಗಿಲ್ಲ ಸಾರ್, ಕಾಣ್ತಿಲ್ಲ ಅಷ್ಟೆ. ನಾಳೆ ಇನ್ನೊಂದು ಯಂತ್ರ ಸೇರಿಸಿದ್ರೆ ಮತ್ತೆ ಬತ್ತದೆ."

"ನಾಳೆ ಬಂದ್ರೆ ನಾಳೆ ನೋಡಾನ. ಹೊಟ್ಟೆನೋವು ಕಮ್ಮಿ ಆಗೈತೆ ಅಂದ್ರೂ ಹೊಟ್ಟೆ ಕುಯ್ದು ನೋಡ್ತೀನಿ ಅಂತೀಯಲ್ಲಮ್ಮ ನೀನು."

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ವನಜಾಳಿಗೆ ಆಗಲಿಲ್ಲ. ಪುಡಿ ಬೆಳ್ಳಗೆ ಬಂದಷ್ಟೂ ಅವಳಿಗೆ ಕಸಿವಿಸಿ ಹೆಚ್ಚಿತು. ಎಲ್ಲ ಫಂಕ್ಷನ್ನುಗಳ ಬದಲು ಬೇಕಾದ ಕೆಲವನ್ನು ಮಾತ್ರ ಹಿಂಬಾಲಿಸಿದರೆ ಕಂಪ್ಯೂಟರಿಗೆ ಭಾರ ಬೀಳುವುದಿಲ್ಲ, ಆಗ ತಪ್ಪು ತಾನಾಗಿ ಹೊರಗೆ ಬರುತ್ತದೆ ಎಂದು ಅವಳ ಲೆಕ್ಕ. ಹಾಗೆ ಆರಿಸಿಕೊಳ್ಳುವ ದಾರಿ ಇತ್ತು, ಆದರೆ ಅದು ಗೋಜಲು. ಫಂಕ್ಷನ್ನಿನ ಹೆಸರು ಒಂದು ಕಡೆ ಬರೆಯಬೇಕು, ಟ್ರೇಸಿನ ಬಗೆ ಇನ್ನೊಂದು ಕಡೆ, ಚಾಲೂ ಮಾಡುವುದು ಮಗದೊಂದು ಕಡೆ. ಹಿಂದುಮುಂದಾದರೆ ಎಲ್ಲ ಫಂಕ್ಷನ್ನುಗಳ ಟ್ರೇಸೂ ಒಟ್ಟಿಗೆ ಚಾಲೂ ಆಗಿಬಿಡುತ್ತಿತ್ತು. ಸಾಲದ್ದಕ್ಕೆ, ಇಡೀ ಕರ್ನಲ್ಲಿಗೆ, ಹಿಂಬಾಲಿಸಬೇಕಾದ ಹೆಸರುಗಳ ಪಟ್ಟಿ ಒಂದೇ. ಬೆಲ್ಟಿಗೆ ಹೋಗುವ ಸಂಕೇತದ ಮೇಲೆ ಕಣ್ಣಿಡಲು ಅವಳು ಬರೆದಿದ್ದ ಇನ್ನೊಂದು ಸಣ್ಣ ಪ್ರೋಗ್ರಾಮೂ ಅವಳೇ ಕೈಯಾರೆ ಹಾಕುತ್ತಿದ್ದ ಟ್ರೇಸೂ ಅದೇ ಪಟ್ಟಿಗೆ ಬರೆಯುತ್ತಿದ್ದವು. ಒಂದು ಬರೆದದ್ದನ್ನು ಇನ್ನೊಂದು ಅಳಿಸುತ್ತಿತ್ತು.

ಇದು ತಿಳಿಯುವ ಮುಂಚೆ ಅವಳು ಒಂದು ಕೆಲಸ ಮಾಡಿದ್ದಳು. ಯಜಮಾನರಿಗೆ ಹೇಳದೆ ಪೂರ್ತಿ ಟ್ರೇಸನ್ನು ನಿಲ್ಲಿಸಿ, ಆಯ್ದ ಫಂಕ್ಷನ್ನುಗಳ ಚಿಕ್ಕ ಟ್ರೇಸನ್ನು ಹಾಕಿದ್ದಳು. ಮಧ್ಯಾಹ್ನ ಬೆಲ್ಟು ನಿಂತಿತು. ಓಡಿಹೋಗಿ ನೋಡಿದರೆ ಜಾಡಿನಲ್ಲಿ ಒಂದು ಸಾಲೂ ಇಲ್ಲ, ಪಟ್ಟಿ ಅಳಿಸಿಹೋಗಿತ್ತು. ಪುಡಿ ಮಾತ್ರ ಉದ್ದಕ್ಕೂ ಸೀದಿತ್ತು.

"ಅದನ್ನ ನಿಲ್ಲಿಸಿದ್ದು ನೀನಾ?" ಎಂದು ಕೇಳಿದರು ಸದಾಶಿವಯ್ಯ.

"ಹೂಂ ಸಾರ್."

ಅವರು ಬೈಯಲಿಲ್ಲ. ಸೀದ ಪುಡಿಯನ್ನು ಬೊಗಸೆಯಲ್ಲಿ ಎತ್ತಿ, ಮೂಸಿ, ಕೆಳಗೆ ಬಿಟ್ಟರು. "ಕೇಳಿದ್ರೆ ಒಪ್ತಿರಲಿಲ್ಲ ನಾನು. ಅದು ನಿಜ. ಆದ್ರೆ ಕೇಳಬೇಕಾಗಿತ್ತು ಕಣಮ್ಮ."

ಆ ಮಾತು ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು. ಮರುದಿನ ಎದುರು ನಿಂತು ಕೇಳಿದಳು: ಕೆಲಸವಿಲ್ಲದ ಭಾನುವಾರ ಒಂದು ದಿನ ಡ್ರೈಯರ್ ಬೇಕು, ಒಂದಷ್ಟು ಕಾಯಿ ಬೇಕು, ಸೀದರೂ ಪರವಾಗಿಲ್ಲದಂಥವು. ಸದಾಶಿವಯ್ಯ ಹೂಂ ಎಂದರು.

ಆ ನಡುವಿನ ದಿನಗಳಲ್ಲಿ, ಡ್ರೈಯರ್ ನಿಂತ ಮೇಲೆ ರಾತ್ರಿ ಹೊತ್ತು, ಅವಳು ಕರ್ನಲ್ಲಿಗೇ ಕೈ ಹಾಕಿದಳು. ಟ್ರೇಸ್ ಕೇಳುವ ಪ್ರತಿ ಪ್ರೋಗ್ರಾಮಿಗೂ ಅದರದೇ ಪಟ್ಟಿ ಕೊಟ್ಟಳು. ಹೆಸರು, ಬಗೆ, ಚಾಲನೆ ಮೂರನ್ನೂ ಒಂದೇ ಸಲ, ಒಂದೇ ಕಡೆ ಕೊಡುವ ಹಾಗೆ ಮಾಡಿದಳು. ಬರೆದದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು. ಎರಡು ಸಲ ಕಂಪ್ಯೂಟರ್ ಮೇಲೇಳಲೇ ಇಲ್ಲ. ಮೂರನೆಯ ಸಲ ಎದ್ದಿತು.

ಭಾನುವಾರ ಅಂಕಮ್ಮ ಕರೆಯದಿದ್ದರೂ ಬಂದಳು. ಹಸಿ ಪುಡಿ ಹರಡಿ, ಚೀಲ ತುಂಬಿ, ತೂಕಕ್ಕೆ ಇಟ್ಟು, ದಿನದ ಕೆಲಸದ ಹಾಗೆಯೇ ನಡೆಸಿದರು. ಬೆಳಿಗ್ಗೆ ಏನೂ ಆಗಲಿಲ್ಲ. ವನಜಾ ಡ್ರೈಯರಿಗೂ ಕಂಪ್ಯೂಟರಿಗೂ ನಡುವೆ ಓಡಾಡುತ್ತಲೇ ಇದ್ದಳು.

"ಕೂತ್ಕಳವ್ವ. ನೀನು ಸುತ್ತೋದು ನೋಡಿ ನಂಗೇ ತಲೆ ತಿರುಗ್ತೈತೆ" ಎಂದಳು ಅಂಕಮ್ಮ.

ಊಟದ ಹೊತ್ತಿಗೆ ಬೆಲ್ಟು ನಿಂತಿತು, ಹೊರಟಿತು. ಈ ಸಲ ಜಾಡು ಉಳಿದಿತ್ತು. ಲೇಬಲ್ ಪ್ರಿಂಟರನ್ನು ನೋಡಿಕೊಳ್ಳುವ ಫಂಕ್ಷನ್ ಒಂದು, ಪ್ರಿಂಟರ್ ಉತ್ತರ ಕೊಡುವ ತನಕ ಬೇರೆ ಯಾರನ್ನೂ ಒಳಗೆ ಬಿಡದೆ ಕಾಯುತ್ತಿತ್ತು. ಅದೇ ಗಳಿಗೆಯಲ್ಲಿ ಬೆಲ್ಟಿನ ಸರದಿ ಬಂದರೆ ಬೆಲ್ಟು ಹೊರಗೇ ನಿಲ್ಲಬೇಕು. ಪೂರ್ತಿ ಟ್ರೇಸ್ ಹಾಕಿದಾಗ ಎಲ್ಲದರ ಹೊತ್ತು ಹಿಂದೆಮುಂದೆ ಸರಿದು, ಇವೆರಡೂ ಎದುರಾಗುತ್ತಲೇ ಇರಲಿಲ್ಲ. ಆ ಕಾಯುವಿಕೆಯನ್ನು ಸರಿಪಡಿಸಲು ಸಂಜೆಯವರೆಗೂ ಬೇಕಾಗಲಿಲ್ಲ. ಆಮೇಲೆ ಆ ಡ್ರೈಯರಿನಲ್ಲಿ ಪುಡಿ ಹಾಗೆ ಸೀಯಲಿಲ್ಲ.

ಟ್ರೇಸಿಗೆ ಮಾಡಿದ ಬದಲಾವಣೆಯನ್ನು ಅವಳು ಬ್ರೌಸಿಂಗ್ ಸೆಂಟರಿನಿಂದ, ಬೇರೆ ಬೇರೆ ದೇಶಗಳಲ್ಲಿ ಕೂತು ಲಿನಕ್ಸ್ ಕರ್ನಲ್ ನೋಡಿಕೊಳ್ಳುವವರಿಗೆ ಇಮೇಲಿನಲ್ಲಿ ಕಳಿಸಿದಳು. ಒಬ್ಬರು ಉತ್ತರ ಬರೆದರು: ಇದು ಯಾರಿಗೆ ಬೇಕು? ವನಜಾ ಡ್ರೈಯರಿನ ಕಥೆಯೆಲ್ಲ ಬರೆದಳು. ಕೊಬ್ಬರಿ ಪುಡಿ ಎಂದರೇನು ಎಂದು ಅವರು ಕೇಳಿದರು; ಅದನ್ನೂ ಬರೆದಳು. ಆಮೇಲೆ ಚಿಕ್ಕ ತುಂಡುಗಳಾಗಿ ಒಡೆದು ಕಳಿಸಿ ಎಂದರು. ಒಡೆದು ಕಳಿಸಿದಳು. ಹೆಸರುಗಳು ಸರಿಯಿಲ್ಲ ಎಂದರು. ಬದಲಾಯಿಸಿದಳು. ಆಮೇಲೆ ಏನೂ ಬರಲಿಲ್ಲ. ತಿಂಗಳುಗಟ್ಟಲೆ ಅವಳು ಸೆಂಟರಿಗೆ ಹೋಗಿ ನೋಡಿ ಬರುತ್ತಿದ್ದಳು. ಕೊನೆಗೆ ಬೇರೆ ಯಾರೋ ಅದೇ ಕೆಲಸವನ್ನು ಬೇರೆ ರೀತಿಯಲ್ಲಿ, ಅವಳದಕ್ಕಿಂತ ಚೆನ್ನಾಗಿ ಮಾಡಿದರು. ತೊಂದರೆ ತೋರಿಸಿಕೊಟ್ಟವಳು ವನಜಾ ಎಂದು ಕೆಳಗೆ ಒಂದು ಸಾಲಿತ್ತು. ಅವಳು ಅದನ್ನು ಓದಿ, ಮೇಲಿನ ಕೋಡನ್ನೂ ಪೂರ್ತಿ ಓದಿ, ಚೆನ್ನಾಗಿದೆ ಎಂದು ಒಪ್ಪಿಕೊಂಡಳು. ಸ್ವಲ್ಪ ಅಸೂಯೆಯಾದದ್ದೂ ನಿಜ.

2010ರ ಬೇಸಿಗೆಯಲ್ಲಿ ಅವಳು ಕೆಲಸ ಬಿಡುತ್ತೇನೆಂದಾಗ ಸದಾಶಿವಯ್ಯನವರಿಗೆ ಅರ್ಥವಾಗಲಿಲ್ಲ.

"ಯಾಕಮ್ಮ? ಈಗ ಎಲ್ಲಾ ಸರಿಯಾಗೈತಲ್ಲ?"

"ಅದಕ್ಕೇ ಸಾರ್" ಎಂದಳು ವನಜಾ.

ತುರುವೇಕೆರೆಯಲ್ಲಿ ಎಳನೀರು ಕೆಡದಂತೆ ತುಂಬುವ ಯಂತ್ರ ಕಟ್ಟಲು ಹೊರಟಿದ್ದವರೊಬ್ಬರು ಅವಳನ್ನು ಕರೆದಿದ್ದರು. ಯಂತ್ರ ಇನ್ನೂ ಒಂದು ಸಲವೂ ಓಡಿರಲಿಲ್ಲವಂತೆ. ಹೊರಡುವ ದಿನ ಸದಾಶಿವಯ್ಯ ಒಂದು ಸಣ್ಣ ಚೀಲ ಪುಡಿ ಕೊಡಿಸಿದರು, ಅಂಕಮ್ಮ ಬಸ್ ಸ್ಟ್ಯಾಂಡಿನವರೆಗೂ ಬಂದಳು. ಬಸ್ಸಿನಲ್ಲಿ ಸೀಟು ಖಾಲಿ ಇತ್ತು. ವನಜಾ ಚೀಲವನ್ನು ಸೀಟಿನ ಮೇಲಿಟ್ಟು, ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಳು.