ಹೊಳೆಯಲ್ಲಿ ಬಿಯರ್ ಮಲಗಿಸುವ ಅಬೆಲಿನೋ

ಪಿಲ್ತ್ರಿ ಬೆಟ್ಟ ಇನ್ನೂ ಮೋಡದ ಕಂಬಳಿ ಹೊದ್ದು ಮಲಗಿದೆ. ಅಬೆಲಿನೋ ಕಿಲಾಕೇಯೊ ಆಗಲೇ ಮೊಣಕಾಲುದ್ದ ಹೊಳೆಯಲ್ಲಿ ನಿಂತಿದ್ದಾರೆ. ಹೆಗಲ ಮೇಲಿನ ಗೋಣಿಚೀಲವನ್ನು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ನೀರಿಗೆ ಇಳಿಸುತ್ತಾರೆ. ಒಳಗಿನ ಬಾಟಲಿಗಳು ಒಂದನ್ನೊಂದು ತಾಕಿ, ನಿದ್ದೆಗಣ್ಣಲ್ಲಿ ಏನೋ ಗೊಣಗಿ ಸುಮ್ಮನಾಗುತ್ತವೆ. "ಮಲಗ್ರಪ್ಪಾ, ಸಂಜೆ ಎಬ್ಬಿಸ್ತೀನಿ" ಅನ್ನುತ್ತಾರೆ ಅಬೆಲಿನೋ.

ಇದು ಅವರ ಕೆಲಸ. ಎಲ್ ಬೊಲ್ಸೋನ್ ಕಣಿವೆಯಲ್ಲಿ ಮನೆಮನೆಯಲ್ಲೂ ಬಿಯರ್ ಕುದಿಯುತ್ತದೆ, ಆದರೆ ಮನೆಮನೆಯಲ್ಲೂ ಫ್ರಿಜ್ ಇಲ್ಲ. ಭೂಮಿಯ ಈ ದಕ್ಷಿಣ ತುದಿಯಲ್ಲಿ ಜನವರಿ ಎಂದರೆ ನಡುಬೇಸಿಗೆ, ಆಗ ಬೆಚ್ಚಗಿನ ಬಿಯರ್ ಕುಡಿಯುವುದಕ್ಕಿಂತ ಮಾವನ ಬುದ್ಧಿಮಾತು ಕೇಳುವುದು ವಾಸಿ. ಅದಕ್ಕೇ ಶನಿವಾರ ಬಂತೆಂದರೆ ಚೀಲಗಳೆಲ್ಲ ಅಬೆಲಿನೋ ಅವರ ಮಡುವಿಗೆ ಬರುತ್ತವೆ. ಹಿಮ ಕರಗಿ ಬರುವ ನೀರು. ಎಷ್ಟು ತಣ್ಣಗಿದೆಯೆಂದರೆ, ಇಲ್ಲಿನ ಮೀನುಗಳು ಮಧ್ಯಾಹ್ನ ಬಂಡೆ ಹತ್ತಿ ಬಿಸಿಲು ಕಾಯಿಸಿಕೊಳ್ಳುತ್ತವೆ. ಅಬೆಲಿನೋ ಅವರ ಅಂಗೈ ಹನ್ನೆರಡು ತಿಂಗಳೂ ಮಂಜುಗಡ್ಡೆ. ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಡಾಕ್ಟರಿಗಿಂತ ಮೊದಲು ಅವರನ್ನು ಕರೆಸುತ್ತಾರೆ. ಅವರು ಬಂದು ಹಣೆ ಮೇಲೆ ಕೈಯಿಟ್ಟು ಎದ್ದು ಹೋಗುತ್ತಾರೆ. ಒಮ್ಮೆ ಪಾದ್ರಿಗಳ ಕೈಕುಲುಕಿದ್ದಕ್ಕೆ ಪಾಪ ಅವರಿಗೆ ಈಸ್ಟರ್‌ವರೆಗೂ ನೆಗಡಿ.

ಎರಡನೆಯ ಚೀಲ ಇಳಿಸುವಷ್ಟರಲ್ಲಿ ದಡದ ಮೇಲೆ ಸುಲೇಮಾ ಕಾಣಿಸುತ್ತಾಳೆ. ಬಿಯರ್ ಮಾಡಲು ಹೊರಟು ಆಕೆಗೆ ಇದು ಮೊದಲ ಬೇಸಿಗೆ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಬೇಕಾದಷ್ಟು ಕೊಳ್ಳಲು ಕೈಲಾಗದೆ, ಅರ್ಧ ಹಾಪ್ಸ್, ಇನ್ನರ್ಧಕ್ಕೆ ಬೇಲಿಯಲ್ಲಿ ಬಿಡುವ ಬಿಳಿ ಸೌಕೊ ಹೂ ಹಾಕಿ ಕುದಿಸುತ್ತಾಳೆ. ಅದಕ್ಕೆ 'ಬೇಲಿ ಬಿಯರ್' ಎಂದು ಹೆಸರು ಬಿದ್ದಿದೆ. ಹೆಸರಿಟ್ಟವರು ಒತ್ಮಾರ್. ಹೊರದೇಶದಿಂದ ಬಂದ ಅಜ್ಜನ ಕಾಲದಿಂದ ಬಿಯರ್ ಮಾಡುವ ಮನೆತನದವರು, ಅದಕ್ಕೇ ಊರವರಿಗೆ ಇನ್ನೂ 'ಗ್ರಿಂಗೋ'; ಆದರೂ ಕಣಿವೆಯಲ್ಲಿ ಅವರ ಮಾತಿಗೆ ತೂಕ.

"ದೋನ್ ಅಬೆಲಿನೋ, ಇದು ಕೊನೇದು" ಹಿರಿಯರನ್ನು ಕರೆಯುವ ಮರ್ಯಾದೆಯಲ್ಲೇ ಅನ್ನುತ್ತಾಳೆ ಸುಲೇಮಾ.

"ಕೊನೇ ಚೀಲಾನಾ?"

"ಕೊನೇ ಬಿಯರ್ರು. ಹೋದ ಎರಡು ಶನಿವಾರನೂ ಹೆಂಗೆ ತಂದ್ನೋ ಹಂಗೇ ಹೊತ್ಕೊಂಡು ಹೋದೆ. ಇವತ್ತೂ ಹಂಗೇ ಆದ್ರೆ ಹಂಡೇನ ನಾದಿನಿಗೆ ವಾಪಸ್ ಕೊಟ್ಬಿಟ್ಟು, ಪ್ರವಾಸಿಗಳ ಬಾಡಿಗೆ ಮನೇಲಿ ಬೆಡ್‌ಶೀಟ್ ಒಗೆಯೋಕೆ ಹೋಗ್ತೀನಿ."

"ಕುಡಿದೋರು ಏನಂದ್ರು?"

"ಕುಡಿದೋರು ಇದ್ರೆ ತಾನೆ ಅನ್ನೋಕೆ. ಬಿಳಿ ದಾರ ಕಂಡ್ರೆ ಸಾಕು, ಕೈ ಪಕ್ಕದ ಬಾಟ್ಲಿಗೆ ಹೋಗುತ್ತೆ."

"ಹೊಳೆ ಯಾರ ಚೀಲ ಅಂತ ಕೇಳಲ್ಲ ಮಗಳೇ. ಕೊಡಿಲ್ಲಿ."

ಈ ದಾರದ ವಿಚಾರ ಹೇಳಬೇಕು. ಇಲ್ಲಿನ ಬಾಟಲಿಗಳೆಲ್ಲ ಹತ್ತಾರು ಸಲ ತೊಳೆದು ತುಂಬಿದ ಹಳೇ ಕಂದು ಬಾಟಲಿಗಳು. ಕಾಗದದ ಚೀಟಿ ಅಂಟಿಸಿದರೆ ಹೊಳೆ ನೆಕ್ಕಿಬಿಡುತ್ತದೆ. ಅದಕ್ಕೆ ಅಬೆಲಿನೋ ಒಬ್ಬೊಬ್ಬರ ಬಾಟಲಿಯ ಕತ್ತಿಗೂ ಒಂದೊಂದು ಬಣ್ಣದ ಉಣ್ಣೆ ದಾರ ಕಟ್ಟುತ್ತಾರೆ. ಒತ್ಮಾರ್‌ಗೆ ನೀಲಿ, ಸುಲೇಮಾಗೆ ಬಣ್ಣ ಹಾಕದ ಬಿಳಿ, ಉಳಿದವರಿಗೆ ಕೆಂಪು, ಹಳದಿ, ಹಸಿರು. "ಇಷ್ಟು ಬೇಸಿಗೇಲಿ ಒಬ್ಬರ ಬಾಟ್ಲಿ ಇನ್ನೊಬ್ಬರ ಕೈಗೆ ಹೋಗಿಲ್ಲ. ಅದೊಂದೇ ನನ್ನ ಓದು" ಅನ್ನುತ್ತಾರೆ. ಒಂದು ವರ್ಷ ನೀರುನಾಯಿಯೊಂದು ಕಪ್ಪು ಬಿಯರನ್ನೇ ಹುಡುಕಿ ಕದಿಯುತ್ತಿತ್ತಂತೆ. ಅದೂ ಖಾಲಿ ಬಾಟಲಿಯನ್ನು ದಾರ ಸಮೇತ ತಂದು ದಡದಲ್ಲಿ ನಿಲ್ಲಿಸಿ ಹೋಗುತ್ತಿತ್ತು.

ಮೊದಲು ಅಬೆಲಿನೋ ಹಾಪ್ಸ್ ಒಣಗಿಸುವ ಅಟ್ಟದಲ್ಲಿ ಕೆಲಸಕ್ಕಿದ್ದರು. ಆ ಹೂವಿನ ಘಮಕ್ಕೆ ನಿದ್ದೆ ಬರುವುದು ಎಲ್ಲರಿಗೂ ಗೊತ್ತು. ಒಂದು ಮಂಗಳವಾರ ಅಟ್ಟದಲ್ಲಿ ಒರಗಿದವರು ಎದ್ದು ನೋಡಿದರೆ ಅವರ ಮದುವೆಯೇ ಮುಗಿದಿತ್ತು. "ಹುಡುಗಿ ಒಳ್ಳೇಳು ಸಿಕ್ಕಿದ್ಲು, ಹಂಗಾಗಿ ತಕರಾರು ಮಾಡ್ಲಿಲ್ಲ" ಅನ್ನುತ್ತಾರೆ. ಆಮೇಲೆ ಯಂತ್ರ ಬಂತು, ಕೆಲಸ ಹೋಯಿತು. ಅದೇ ಬೇಸಿಗೆ ಸೆಕೆಗೆ ಅಕ್ಕಪಕ್ಕದ ಮನೆಗಳಲ್ಲಿ ಮಂಚದ ಕೆಳಗಿಟ್ಟ ಬಾಟಲಿಗಳು ಪಟಾಕಿಯಂತೆ ಸಿಡಿಯತೊಡಗಿದವು. ಅಬೆಲಿನೋ ಉಳಿದವನ್ನು ಗೋಣಿಗೆ ತುಂಬಿ ಹೊಳೆಗೆ ತಂದರು. ಅಂದು ನೀರಿಗಿಳಿದವರು ಇನ್ನೂ ಮೇಲೆ ಬಂದಿಲ್ಲ. ಕಾಲ್ಬೆರಳುಗಳಿಗೆ ಬೇಸಿಗೆ ಬಂದದ್ದು ಗೊತ್ತಾಗುವ ಹೊತ್ತಿಗೆ ಹೊರಗೆ ಚಳಿಗಾಲ. ಮಂಡಿ ಊತಕ್ಕೆ ಮಗ ಮರುಗಿ ಹಳೇ ಫ್ರಿಜ್ ಒಂದನ್ನು ತಂದುಕೊಟ್ಟಿದ್ದಾನೆ. "ಭಾರಿ ಅನುಕೂಲ ಆಯ್ತು. ಕೋಳಿಗಳು ಅದ್ರೊಳಗೇ ಮೊಟ್ಟೆ ಇಡ್ತವೆ."

ಕೂಲಿ ಚೀಲಕ್ಕೊಂದು ಬಾಟಲಿ. ಸಂಜೆ ದಡಕ್ಕೆ ಕುಡಿಯಲು ಬರುವವರೂ ಇಂಥ ಕೂಲಿಯವರೇ, ಹಾಪ್ಸ್ ಬಿಡಿಸುವವರು, ಸೌದೆ ಒಡೆಯುವವರು, ಬೆಡ್‌ಶೀಟ್ ಒಗೆಯುವವರು. ಚೌಕದ ಅಂಗಡಿಯಲ್ಲಿ ಒಂದು ಗ್ಲಾಸಿಗೆ ಆಗುವ ದುಡ್ಡಿಗೆ ಇಲ್ಲಿ ಒಂದು ಬಾಟಲಿ. ಖಾಲಿ ಬಾಟಲಿ ತಂದರೆ ಇನ್ನೂ ಕಡಿಮೆ, ಮೊಟ್ಟೆ ತಂದರೂ ಆದೀತು. ಕಾಲು ನೀರಲ್ಲಿ ಬಿಟ್ಟುಕೊಂಡು ಕೂರುವುದಕ್ಕೆ ಬಾಡಿಗೆ ಇಲ್ಲ.

ಮಧ್ಯಾಹ್ನ ಕಣಿವೆಗೆ ಕಣಿವೆಯೇ ತೂಕಡಿಸುತ್ತದೆ. ತೋಟಗಳಿಂದ ಹಾಪ್ಸ್ ಘಮ ಇಳಿದು ಬರುತ್ತದೆ. ಮರಗಳಿಂದ ಬಿಳಿ ಹತ್ತಿ ಉದುರಿ, ಎತ್ತ ಹೋಗಬೇಕೆಂದು ಮರೆತು ಗಾಳಿಯಲ್ಲೇ ನಿಲ್ಲುತ್ತದೆ. ನಾಯಿಗಳು ಬೊಗಳಲು ಬಾಯಿ ತೆರೆದು ಆಕಳಿಸುತ್ತವೆ. ನೀರೊಳಗಿನ ಬಾಟಲಿಗಳು ಕಿಣಿಕಿಣಿ ಎಂದು ಕನಸು ಕಾಣುತ್ತವೆ. ಎಚ್ಚರ ಇರುವುದು ಅಬೆಲಿನೋ ಒಬ್ಬರಿಗೇ. ಸೆಕೆ ಹೆಚ್ಚಿದಷ್ಟೂ ಮೇಲೆ ಹಿಮ ಕರಗುತ್ತದೆ, ಹಿಮ ಕರಗಿದಷ್ಟೂ ಇಳಿಹೊತ್ತಿಗೆ ಹೊಳೆ ಏರುತ್ತದೆ. "ಜನಕ್ಕೆ ಬಾಯಾರಿದ ದಿನವೇ ಹೊಳೆಗೂ ಬಾಯಾರೋದು" ಅನ್ನುತ್ತಾರೆ.

ಇವತ್ತು ಹೊಳೆಗೆ ಬಾಯಾರಿಕೆ ಜಾಸ್ತಿಯೇ ಇದೆ. ಮಡುವಿನ ಸುತ್ತ ಪೇರಿಸಿದ ಕಲ್ಲುಗಳು ಒಂದೊಂದೇ ಮುಳುಗುತ್ತವೆ. ಅಬೆಲಿನೋ ಸೊಂಟಮಟ್ಟ ಇಳಿದು ಚೀಲ ಎಳೆಯುತ್ತಾರೆ. ಹಳೇ ಗೋಣಿಗಳು ಒಂದೊಂದಾಗಿ ಹರಿಯುತ್ತವೆ. ಕೈಗೆ ಸಿಕ್ಕ ಬಾಟಲಿಗಳನ್ನೆಲ್ಲ ಬಾಚಿ ಒಂದೇ ಮೀನುಬಲೆಗೆ ತುಂಬಿ ದಡಕ್ಕೆ ತರುತ್ತಾರೆ. ಒಂದೂ ಒಡೆದಿಲ್ಲ. ಟೋಪಿ ತೆಗೆದು ಹಣೆ ಒರೆಸಿಕೊಂಡು ಬಲೆ ಬಿಚ್ಚಿ ನೋಡುತ್ತಾರೆ, ನೋಡುತ್ತಲೇ ಕೂತುಬಿಡುತ್ತಾರೆ. ಕೆಂಪಿಲ್ಲ, ಹಳದಿಯಿಲ್ಲ, ಬಿಳಿಯೂ ಇಲ್ಲ. ಎಲ್ಲ ದಾರವೂ ಒಂದೇ ನೇರಳೆ.

ದಾರ ಈ ವಾರ ಹೊಸದು. ಸೊಸೆ ಊರಲ್ಲಿಲ್ಲವೆಂದು ತಾವೇ ಕಾಡುಹಣ್ಣು, ಬೀಟ್‌ರೂಟ್, ಈರುಳ್ಳಿ ಸಿಪ್ಪೆ ಕುದಿಸಿ ಬಣ್ಣ ಹಾಕಿದ್ದರು. ಬಣ್ಣ ಹಿಡಿದು ನಿಲ್ಲಲು ಪಟಿಕ ಹಾಕಬೇಕಿತ್ತು, ಮರೆತಿದ್ದರು.

ಸಂಜೆ ವಿಲೋ ಮರಗಳ ಕೆಳಗೆ ಜನ ಸೇರುತ್ತಾರೆ. ಕರಿದ ರೊಟ್ಟಿಯ ಬುಟ್ಟಿ ಹೊತ್ತ ನೆಲಿದಾ, ದೊಡ್ಡ ಮೀಸೆಯ ಒತ್ಮಾರ್, ಎಲ್ಲರಿಗಿಂತ ಹಿಂದೆ ಸುಲೇಮಾ. ಅಬೆಲಿನೋ ಟೋಪಿ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ.

"ತಪ್ಪಾಗಿದೆ. ಪಟಿಕ ಮರೆತೆ. ಯಾವುದು ಯಾರದ್ದು ಅಂತ ನಂಗೂ ಗೊತ್ತಿಲ್ಲ."

ನೆಲಿದಾ ಬುಟ್ಟಿ ಕೆಳಗಿಡುತ್ತಾರೆ. "ಅದಕ್ಯಾಕೆ ಸತ್ತ ಮನೆ ಮುಖ? ಎಲ್ಲಾದಕ್ಕೂ ಒಂದೇ ರೇಟು ಮಾಡಿ, ಬಂದದ್ದು ಎಲ್ಲರೂ ಹಂಚ್ಕೊಳಿ. ನಮಗೂ ಒಂದಿನ ಗ್ರಿಂಗೋ ಮನೆ ದುಬಾರಿ ಬಿಯರ್ ಸಿಕ್ಲಿ."

"ಸಿಗುತ್ತೆ ಸಿಗುತ್ತೆ" ಒತ್ಮಾರ್ ಮೀಸೆ ತಿರುವುತ್ತಾರೆ. "ದಾರ ಯಾತಕ್ಕೆ? ನಂದನ್ನ ನಾನು ಗೋರೀಲಿ ಮಲಗಿದ್ರೂ ಗುರುತಿಸ್ತೀನಿ."

ಎಲ್ಲರೂ ಒಂದರಲ್ಲೇ ಹೀರುವ ಮಾಟೆ ಕಷಾಯದ ಸೋರೆಬುರುಡೆ ಸುತ್ತು ಬರುವ ಹಾಗೆ ಒಂದೇ ಗ್ಲಾಸು ಸುತ್ತು ಬರತೊಡಗುತ್ತದೆ. ಅಬೆಲಿನೋ ಬಗ್ಗಿಸಿ ಕೊಡುತ್ತಾರೆ. ಬೆಟ್ಟದ ನೆತ್ತಿ ಗುಲಾಬಿಯಾಗಿದೆ, ಈ ಬೇಸಿಗೆಯ ಸಂಜೆಗೆ ಮನೆಗೆ ಹೋಗುವ ಆತುರವಿಲ್ಲ. ಒಂದು ಬಾಟಲಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಇನ್ನೊಂದಕ್ಕೆ ನೆಲಿದಾ ಮೂಗು ಮುರಿಯುತ್ತಾರೆ. ಮೂರನೆಯದು ಒತ್ಮಾರ್ ಕೈಗೆ ಬರುತ್ತದೆ. ಅವರು ಗುಟುಕರಿಸಿ ಕಣ್ಣು ಮುಚ್ಚುತ್ತಾರೆ. ಎಷ್ಟು ಹೊತ್ತಾದರೂ ತೆರೆಯುವುದಿಲ್ಲ.

"ಗ್ರಿಂಗೋ, ಬದುಕಿದ್ದೀಯೇನೋ?" ನೆಲಿದಾ ಕೇಳುತ್ತಾರೆ.

"ಇದು ನಂದು" ಅನ್ನುತ್ತಾರೆ ಒತ್ಮಾರ್, ಕಣ್ಣು ಮುಚ್ಚಿಕೊಂಡೇ. "ಮೊದಲು ಕಹಿ. ಆಮೇಲೆ ಯಾರೋ ಕಿಟಕಿ ತೆಗೆದಂಗೆ ಹೂವಿನ ಗಾಳಿ. ನಮ್ಮಜ್ಜ ಹಿಂಗೇ ಮಾಡ್ತಿದ್ದ. ಬೇರೆ ಯಾರ ಕೈಲಾಗುತ್ತೆ ಹೇಳಿ?"

ಅಬೆಲಿನೋ ಗ್ಲಾಸು ಒರೆಸುತ್ತಾ ಹೊಳೆ ಕಡೆ ನೋಡುತ್ತಾರೆ. "ಲೋ ಒತ್ಮಾರ್, ನಿಂದು ಎಲ್ಲರಿಗಿಂತ ಕೆಳಗಿರಬೇಕು, ಎಲ್ಲರಿಗಿಂತ ತಣ್ಣಗಿರಬೇಕು ಅಂತೀಯಲ್ಲ."

"ಹೂಂ. ಅದಕ್ಕೇ ಹಿಂಗಿದೆ."

"ಅದಕ್ಕೇ ನಿನ್ನ ಚೀಲ ಆ ಆಳದ ಗುಂಡೀಲಿ, ಮರಕ್ಕೆ ಕಟ್ಟಿದ್ದೀನಿ. ನೀರು ಏರಿಬಿಡ್ತು, ನಂಗೆ ಹತ್ರ ಹೋಗೋಕೇ ಆಗ್ಲಿಲ್ಲ. ಅದಿನ್ನೂ ಅಲ್ಲೇ ಇದೆ ಕಣೋ."

ಎಲ್ಲರ ಕಣ್ಣೂ ವಿಲೋ ಬುಡದ ಹಗ್ಗದ ಕಡೆ ಹೊರಳುತ್ತದೆ. ಹಗ್ಗ ಬಿಗಿಯಾಗಿ ನೀರೊಳಗೆ ಇಳಿದಿದೆ. ನಗು ಎಷ್ಟು ಜೋರಾಗಿ ಏಳುತ್ತದೆಂದರೆ ಆಚೆ ದಡದ ಕುದುರೆಗಳೂ ನಿದ್ದೆಗೆಟ್ಟು ನೋಡುತ್ತವೆ.

ನಗು ಇಳಿದ ಮೇಲೆ ಒತ್ಮಾರ್ ಕೇಳುತ್ತಾರೆ: "ಹಂಗಾದ್ರೆ ಇದು ಯಾರದ್ದು?"

"ಅದ್ರಲ್ಲಿ ಸೌಕೊ ಹೂ ಇದೆ" ಹಿಂದಿನಿಂದ ಸುಲೇಮಾಳ ದನಿ. "ಬೇಲೀದು."

ಒತ್ಮಾರ್ ಗ್ಲಾಸನ್ನು ನೋಡುತ್ತಾರೆ, ಸುಲೇಮಾಳನ್ನು ನೋಡುತ್ತಾರೆ. ಮೀಸೆ ಒರೆಸಿಕೊಳ್ಳುತ್ತಾರೆ. "ಹೋದ ವಾರ ತಾನೆ ನನ್ನ ಬೇಲಿ ಪೂರ್ತಿ ಕಡಿದು ಸುಟ್ಟೆ ಕಣಮ್ಮ" ಅನ್ನುತ್ತಾರೆ ಮೆತ್ತಗೆ. ಗ್ಲಾಸನ್ನು ಮತ್ತೆ ಚಾಚುತ್ತಾರೆ. "ಇನ್ನೊಂದು ಚೂರು ಬಗ್ಗಿಸು ಅಬೆಲಿನೋ. ಮುಂದಿನ ಶನಿವಾರಾನೂ ಇದೇ ತರ್ತೀಯೇನಮ್ಮ?"

"ತರ್ತೀನಿ. ನಿಮ್ಮ ಬೇಲಿ ಚಿಗುರೋವರೆಗೂ ನೀವು ನಂದೇ ಕುಡೀಬೇಕಲ್ಲ" ಅನ್ನುತ್ತಾಳೆ ಸುಲೇಮಾ. ಆಮೇಲಿನ ಸುತ್ತುಗಳಲ್ಲಿ ಹೂವಿನ ಗಾಳಿ ಬಂದ ಬಾಟಲಿಯನ್ನೆಲ್ಲ ಜನ ಮೊದಲು ಖಾಲಿ ಮಾಡುತ್ತಾರೆ. ಬೆಳಿಗ್ಗೆ ದಪ್ ದಪ್ ಎಂದು ಬಂದ ಆಕೆಯ ಚೀಲ, ಹರಿದಲ್ಲಿ ಗಂಟು ಹಾಕಿಸಿಕೊಂಡು, ಸಂಜೆ ಗಲಗಲ ಎನ್ನುತ್ತಾ ದಾರಿ ಹತ್ತುತ್ತದೆ. ಖಾಲಿ ಬಾಟಲಿಯ ಸದ್ದು ಆ ತಿರುವಿನವರೆಗೂ ಕೇಳುತ್ತದೆ.

ಅಬೆಲಿನೋ ದಡದಲ್ಲಿ ಕೂತು ನೇರಳೆ ದಾರಗಳನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಏನಾದರೂ ಬೇಕೆಂದು ಆಸೆ ಇದೆಯೇ ಎಂದು ಕೇಳಿದರೆ ಒಂದು ದಾರವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ಬಣ್ಣ ಬಿಡದಿರೋ ಒಳ್ಳೇ ದಾರ ಬೇಕು. ಜನ ನಂಬಿ ಕೊಟ್ಟಿರ್ತಾರೆ, ಹಿಂಗೆ ಕಲಸಬಾರದು." ಹೊಳೆ ಇಳಿಯುತ್ತಿದೆ. ಮುಳುಗಿದ್ದ ಮೊದಲ ಕಲ್ಲು ತಲೆ ಎತ್ತಿದೆ. ಅವರು ದಾರದ ಉಂಡೆಯನ್ನು ಎಸೆಯದೆ ಜೋಪಾನವಾಗಿ ಜೇಬಿಗೆ ಹಾಕಿಕೊಳ್ಳುತ್ತಾರೆ. "ಇದೂ ಇರ್ಲಿ. ಹೊಸಬರು ಯಾರಾದ್ರೂ ಬಂದ ವರ್ಷ ಬೇಕಾಗುತ್ತೆ."