ತೊಟ್ಟು ಮೇಷ್ಟ್ರ ವರದಿ

ನನ್ನ ಗೆಳೆಯ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಮೂವತ್ತೊಂದು ವರ್ಷ ಒಂದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು ನಾವು. ಅವನದು ರಸಾಯನಶಾಸ್ತ್ರ, ನನ್ನದು ಇತಿಹಾಸ. ವಿದ್ಯಾರ್ಥಿಗಳು ಅವನನ್ನು ತೊಟ್ಟು ಮೇಷ್ಟ್ರು ಎನ್ನುತ್ತಿದ್ದರು. ಪ್ರಯೋಗಾಲಯದಲ್ಲಿ ಗಾಜಿನ ಕೊಳವೆಯಿಂದ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು, ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ, ಎಷ್ಟು ಇಳಿದಿದೆ ಎಂದು ನೋಡಿ ಬರೆದುಕೊಳ್ಳಬೇಕು. ಇವನು ಒಬ್ಬೊಬ್ಬರ ಹಿಂದೆಯೂ ನಿಂತು "ಇನ್ನೊಂದು ತೊಟ್ಟು, ಒಂದೇ ಒಂದು" ಎನ್ನುತ್ತಿದ್ದ. ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು. ಬಕೆಟ್ ಮೇಷ್ಟ್ರು ಅನ್ನಲಿಲ್ಲವಲ್ಲ, ಅಷ್ಟೇ ಪುಣ್ಯ ಎಂದು ನಗುತ್ತಿದ್ದ.

ಕುಳ್ಳ ಆಳು. ಅಂಗಿಯ ತೋಳಿನಲ್ಲಿ ಯಾವಾಗಲೂ ಆಸಿಡ್ ಸುಟ್ಟ ತೂತು. ಹೆಂಡತಿ ತಂದುಕೊಟ್ಟ ಹೊಸ ಅಂಗಿಗಳು ಕಪಾಟಿನಲ್ಲೇ ಹಳತಾಗುತ್ತಿದ್ದವು. ಸಿಟ್ಟು ಬಂದರೆ ಮಾತು ನಿಲ್ಲಿಸಿ ಸೀಸೆಗಳನ್ನು ಒರೆಸಲು ಶುರುಮಾಡುತ್ತಿದ್ದ. ಅವನ ಸೀಸೆಗಳು ಫಳಫಳ ಹೊಳೆಯುತ್ತಿದ್ದವು ಎಂದರೆ ನಮ್ಮ ಆಡಳಿತ ಹೇಗಿತ್ತು ಎಂದು ನೀವೇ ಊಹಿಸಿಕೊಳ್ಳಬಹುದು.

ಅವನನ್ನು ಕಾಡುತ್ತಿದ್ದದ್ದು ಒಂದೇ ವಿಷಯ. ಇಡೀ ತರಗತಿಗೆ ಒಂದೇ ದ್ರಾವಣ, ಅದರ ಉತ್ತರವೋ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ತಯಾರಾಗಿ ಕುಳಿತಿರುತ್ತಿತ್ತು. ನಲವತ್ತೆರಡು ಜನರಲ್ಲಿ ನಲವತ್ತು ಜನರ ರೀಡಿಂಗ್ ಕರಾರುವಾಕ್ಕು. "ಇಷ್ಟು ವರ್ಷದಿಂದ ಮಾಡ್ತಿರೋ ನನಗೇ ಅಷ್ಟು ಸರಿ ಬರಲ್ಲ ಕಣೋ, ಈ ಪುಣ್ಯಾತ್ಮರಿಗೆ ಹೇಗೆ ಬರುತ್ತೆ?" ಎನ್ನುತ್ತಿದ್ದ.

ಹೊಸ ಬಗೆಯಲ್ಲಿ ಪಾಠ ಮಾಡುವ ಅಧ್ಯಾಪಕರಿಗೆ ವಿಶ್ವವಿದ್ಯಾಲಯ ಅನುದಾನ ಕೊಡುತ್ತದೆಂದು ಸುತ್ತೋಲೆ ಬಂದಾಗ ಅವನು ಅರ್ಜಿ ಹಾಕಿದ. ಒಬ್ಬೊಬ್ಬ ವಿದ್ಯಾರ್ಥಿಗೂ ಬೇರೆ ಬೇರೆ ಸೀಸೆ, ಬೇರೆ ಬೇರೆ ಉತ್ತರ. ಕೈಯಾರೆ ಮಾಡಿ, ಕಂಡದ್ದನ್ನೇ ಬರೆದು, ತಪ್ಪಿದ್ದರೆ ಯಾಕೆ ತಪ್ಪಿತೆಂದು ವಿವರಿಸಿದವರಿಗೆ ಪೂರ್ತಿ ಅಂಕ. ಅರ್ಜಿಯ ಭಾಷೆ ತಿದ್ದಿಕೊಟ್ಟವನು ನಾನು. ಒಂದು ವರ್ಷಕ್ಕೆ ಮಂಜೂರಾಯಿತು. ವರದಿ ಮೆಚ್ಚುಗೆಯಾದರೆ ಇನ್ನೆರಡು ವರ್ಷ.

ವರ್ಷದ ಕೊನೆಯಲ್ಲಿ ನಲವತ್ತೆರಡು ಜನರಲ್ಲಿ ಸರಿಯುತ್ತರದ ಹತ್ತಿರ ಬಂದವರು ಹದಿನೇಳು. ಉಳಿದವರು ತಪ್ಪಿದ್ದರು, ಆದರೆ ಎಲ್ಲಿ ತಪ್ಪಿದೆವೆಂದು ಪುಟಗಟ್ಟಲೆ ಬರೆದಿದ್ದರು. ಒಬ್ಬಳಂತೂ ತನಗೆ ಸೀನು ಬಂದದ್ದನ್ನೂ ದಾಖಲಿಸಿದ್ದಳು. ಅವನು ಅದನ್ನು ಓದಿ ಓದಿ ಹೇಳಿ ಹಿಗ್ಗಿದ.

ವರದಿ ಕೊಡಲು ಒಂದೇ ದಿನ ಉಳಿದಿರುವಾಗ ಅವನನ್ನು ಹೊಟ್ಟೆನೋವೆಂದು ಆಸ್ಪತ್ರೆಗೆ ಸೇರಿಸಿ ಪಿತ್ತಕೋಶ ತೆಗೆದರು. ಹೋಗುವ ಮುಂಚೆ ವರದಿಯ ಕೊನೆಯ ಹಾಳೆಗೆ ಸಹಿ ಹಾಕಿ ಕಡತವನ್ನು ನನ್ನ ಕೈಗೆ ಕೊಟ್ಟಿದ್ದ. ಉಳಿದ ಹಾಳೆಗಳನ್ನು ಟೈಪ್ ಮಾಡಿಸಿ ತಲುಪಿಸುವುದಷ್ಟೇ ನನ್ನ ಕೆಲಸ.

ನಮೂನೆಯಲ್ಲಿ ಎರಡೇ ಕಾಲಂ: ಯೋಜನೆಗೆ ಮುಂಚೆ, ಯೋಜನೆಯ ನಂತರ. ಮುಂಚೆ ನಲವತ್ತು, ನಂತರ ಹದಿನೇಳು. ಇದೇ ತನ್ನ ಗೆಲುವು ಯಾಕೆಂದು ಅವನು ಒಂದು ಪುಟ ಬರೆದು ಲಗತ್ತಿಸಿದ್ದ. ಆ ಸಮಿತಿಯಲ್ಲಿ ಲಗತ್ತು ಓದುವವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ನಾನು ಎರಡು ತಲೆಬರಹಗಳನ್ನು ಅದಲುಬದಲು ಮಾಡಿ, ಆ ಒಂದು ಪುಟವನ್ನು ತೆಗೆದಿಟ್ಟೆ. ಅಂಕಿ ಮುಟ್ಟಲಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನಿಗೆ ಉಪಕಾರ ಮಾಡಿದ ಖುಷಿಯಲ್ಲಿ ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ. ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಹೊಲಿಗೆ ಬಿಚ್ಚಿಕೊಂಡಾದರೂ ಎದ್ದು ಬರುತ್ತಿದ್ದ.

ಎರಡು ತಿಂಗಳ ಮೇಲೆ ಸಭಾಂಗಣದಲ್ಲಿ ಎಲ್ಲ ಯೋಜನೆಗಳ ಪರಿಶೀಲನೆ. ಡೀನ್ ನಮ್ಮ ಪಟ್ಟಿಯನ್ನು ಪರದೆಯ ಮೇಲೆ ಹಾಕಿ, ಹದಿನೇಳರಿಂದ ನಲವತ್ತು, ಇಂಥ ಫಲಿತಾಂಶ ಬೇರೆಲ್ಲೂ ಇಲ್ಲ ಎಂದು ಹೊಗಳಿದರು. ಚಪ್ಪಾಳೆ ಬಿತ್ತು. ನನ್ನ ಗೆಳೆಯ ಪರದೆಯನ್ನೇ ನೋಡುತ್ತ ನಿಧಾನವಾಗಿ ಎದ್ದು ನಿಂತ.

"ಸರ್, ಆ ಪಟ್ಟಿ ಸುಳ್ಳು. ನಲವತ್ತು ಇದ್ದದ್ದು ಮೊದಲು."

"ಅಂದ್ರೆ ನಿಮ್ಮ ಯೋಜನೆಯಿಂದ ಹುಡುಗರು ದಡ್ಡರಾದ್ರು ಅಂತಲಾ?" ಎಂದರು ಡೀನ್. ಸಭೆ ನಕ್ಕಿತು. ಆಮೇಲೆ ಅವರ ದನಿ ಬದಲಾಯಿತು. "ಇದನ್ನ ಬರೆದದ್ದು ಯಾರು?"

ನಾನು ಮೂರನೆಯ ಸಾಲಿನಲ್ಲಿದ್ದೆ. ಏಳಬಹುದಿತ್ತು. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ನಾನು ಏಳಲೆಂದು ಕಾಯುವವನ ಹಾಗೆ ಪರದೆಯನ್ನೇ ನೋಡಿದ. ಆಮೇಲೆ ಹೇಳಿದ, "ಕೆಳಗೆ ನನ್ನ ಸಹಿ ಇದೆಯಲ್ಲ ಸರ್."

ಅನುದಾನ ನಿಂತಿತು. ಎಚ್ಚರಿಕೆ ಪತ್ರ ಬಂತು. ಇನ್ನು ಯಾವ ಯೋಜನೆಗೂ ಅರ್ಜಿ ಹಾಕುವಂತಿಲ್ಲ ಎಂದಾಯಿತು. ಪ್ರಯೋಗಾಲಯಕ್ಕೆ ಮತ್ತೆ ಆ ಒಂದೇ ದ್ರಾವಣ ಬಂತು, ಅದರ ಜೊತೆಗೆ ಹಳೆಯ ರೆಕಾರ್ಡ್ ಪುಸ್ತಕಗಳೂ ಬಂದವು. ಅವತ್ತು ಮೆಟ್ಟಿಲ ಬಳಿ ಕಾದು ನಿಂತಿದ್ದ ನನಗೆ ಅವನು ಹೇಳಿದ್ದು ಇಷ್ಟೇ: "ನನ್ನ ಹುಡುಗರಿಗೆ ಏನಂತ ಹೇಳ್ಲಿ, ನೀನೇ ಹೇಳು."

ಆಮೇಲೂ ನಾವು ದಿನಾ ಸಂಜೆ ಒಟ್ಟಿಗೇ ಮನೆಗೆ ನಡೆದು ಹೋಗುತ್ತಿದ್ದೆವು. ಒಂಬತ್ತು ವರ್ಷ. ಅವನು ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕ್ಷಮಿಸಿದ್ದಾನೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಸಂತಾಪ ಸಭೆಯಲ್ಲಿ, ಈಗ ನಿವೃತ್ತರಾಗಿರುವ ಅದೇ ಡೀನ್ ದೊಡ್ಡ ಮನಸ್ಸಿನಿಂದ ಮಾತಾಡಿದರು. ಒಂದು ಕಡೆ ಎಡವಿದರು, ಅಂಕಿಅಂಶದ ಆಸೆಗೆ ಬಿದ್ದರು, ಆದರೂ ಒಳ್ಳೆಯ ಅಧ್ಯಾಪಕರು ಎಂದರು. ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ತಲೆ ತಗ್ಗಿಸಿದರು. ಡೀನ್ ನಂತರ ಮಾತಾಡಬೇಕಾದವನು ನಾನು. ಹತ್ತು ನಿಮಿಷ ಮಾತಾಡಿದೆ. ಅಂಗಿಯ ತೂತಿನ ಬಗ್ಗೆ, ಸೀಸೆಗಳ ಬಗ್ಗೆ. ಜನ ಕಣ್ಣೊರೆಸಿಕೊಂಡರು.

ಆ ತಗ್ಗಿದ ತಲೆ ನನ್ನನ್ನು ಬಿಡಲಿಲ್ಲ. ಸಭೆಯಾದ ನಾಲ್ಕನೆಯ ದಿನ ಅವರ ಮನೆಗೆ ಹೋದೆ. ಆಕೆ ಅವನ ಬಟ್ಟೆಗಳನ್ನು ವಿಂಗಡಿಸುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ಬೈಯಲಿಲ್ಲ. ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ತೋಳಿನ ತೂತಿನ ಮೇಲೆ ಬೆರಳಾಡಿಸಿದರು.

"ಅವರು ಮನೇಲೂ ಹೇಳ್ಲಿಲ್ಲ ಅಣ್ಣ. ಅವರೇ ಮಾಡಿದ್ದು ಅಂದ್ಕೊಂಡಿದ್ದೆ ನಾನು. ಒಂದ್ಸಲ ಜಗಳದಲ್ಲಿ, ಸುಳ್ಳು ಲೆಕ್ಕ ಬರೆಯೋ ನೀವು ನಂಗೆ ಬುದ್ಧಿ ಹೇಳ್ತೀರಾ ಅಂದ್ಬಿಟ್ಟೆ. ಅವತ್ತೂ ಸುಮ್ನೇ ಇದ್ರು." ಆಮೇಲೆ ಕೇಳಿದರು, "ಅವರು ಇರೋವಾಗ ಇದನ್ನ ಹೇಳೋಕೆ ಆಗ್ತಿರ್ಲಿಲ್ವಾ?"

ಇಷ್ಟು ದಿನ ನನ್ನೊಬ್ಬನ ಹತ್ತಿರ ಇದ್ದದ್ದನ್ನು ಈಗ ಅವರ ಮಡಿಲಿಗೂ ಹಾಕಿದ್ದೆ, ಅಷ್ಟೇ.

"ಮಗಳು ಒಳಗಿದಾಳೆ," ಎಂದರು. "ಆ ವರ್ಷ ಅವಳೂ ಅಲ್ಲೇ ಓದ್ತಿದ್ಲು. ಏನೇನ್ ಕೇಳಿಸ್ಕೊಂಡ್ಲೋ. ಅವಳಿಗೂ ನೀವೇ ಹೇಳಿ."

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳಿಗೆ ಎಲ್ಲ ಕೇಳಿಸಿರಬೇಕು, ಕಣ್ಣುಗಳು ಕೆಂಪಾಗಿದ್ದವು. ನಾನು ಹೊಸ್ತಿಲಲ್ಲೇ ನಿಂತೆ. ಅವಳು ಕುರ್ಚಿಯ ಮೇಲಿದ್ದ ಅಪ್ಪನ ಪುಸ್ತಕಗಳನ್ನು ಎತ್ತಿ ಮಂಚದ ಮೇಲಿಟ್ಟು, "ಕೂತ್ಕೊಂಡು ಹೇಳಿ ದೊಡ್ಡಪ್ಪ," ಎಂದಳು.